ತವೆಂಗ್ವಾ ಹೊತ್ತ ನೀರು

ಜೈರೋಸಿಗೆ ಇವತ್ತಿಗೂ ಸಿಟ್ಟಿರುವುದು ತೆನೆಗಳಿಗಾಗಿ ಅಲ್ಲ, ಗೂಟಗಳಿಗಾಗಿ. ತೆನೆ ತಿಂದರೆ ತಿನ್ನಲಿ, ತವೆಂಗ್ವಾ ತಿನ್ನಬಹುದು. ಆದರೆ ತೋಟದ ಬಾಗಿಲಿನ ಎರಡು ಗೂಟ ಕಿತ್ತು, ಅದನ್ನೇ ಸೌದೆ ಮಾಡಿ, ಆ ಬೆಂಕಿಯಲ್ಲಿ ತೆನೆ ಸುಡಬೇಕಿತ್ತೇ? ಗೆದ್ದಲು ಹತ್ತದ ಮರ ಅದು. ಗುಡ್ಡದ ಆಚೆಯಿಂದ ಹೆಗಲು ಸುಲಿಯುವಂತೆ ಹೊತ್ತು ತಂದದ್ದು. ಸುತ್ತ ಬೇಕಾದಷ್ಟು ಪುರಳೆ ಬಿದ್ದಿರುವಾಗ ಗೂಟಕ್ಕೇ ಯಾಕೆ ಕೈ ಹಾಕಬೇಕು? ಈ ಮಾತನ್ನು ಅವನು ಹೆಂಡತಿಯ ಮುಂದೆ ಕೇಳಿದ್ದಾನೆ, ಗಿರಣಿಯಲ್ಲಿ ಕೇಳಿದ್ದಾನೆ, ನೊಗ ಕಟ್ಟುವಾಗ ಎತ್ತುಗಳ ಮುಂದೆಯೂ ಕೇಳಿದ್ದಾನೆ. ತವೆಂಗ್ವಾನನ್ನು ಮಾತ್ರ ಕೇಳಿಲ್ಲ. ಕೇಳುವ ಸಲಿಗೆಯನ್ನು ತಾನೇ ಕೈಯಾರೆ ಕಳೆದುಕೊಂಡಿದ್ದಾನೆ.

ತವೆಂಗ್ವಾ ಅವನ ಸಹ್ವೀರ. ಗೆಳೆಯ ಎಂದರೆ ಕಡಿಮೆಯಾಯಿತು, ನೆಂಟ ಎಂದರೆ ತಪ್ಪಾಯಿತು. ಜೈರೋಸಿಯ ಅಜ್ಜ ಸಿಡುಬಿನಲ್ಲಿ ಸತ್ತಾಗ ಒಡಹುಟ್ಟಿದವರೇ ಹೆಣ ಮುಟ್ಟದೆ ಓಡಿಹೋಗಿದ್ದರಂತೆ. ಆಗ ತವೆಂಗ್ವಾನ ಅಜ್ಜ ಒಬ್ಬನೇ ಗುಂಡಿ ತೋಡಿ, ಎತ್ತಿ ತಂದು, ಮಣ್ಣು ಮಾಡಿದ. ಅಂದಿನಿಂದ ಈ ಎರಡು ಮನೆಗಳು ಸಹ್ವೀರ ಮನೆಗಳು. ಒಬ್ಬರ ಮನೆಯಲ್ಲಿ ಸಾವಾದರೆ ಇನ್ನೊಬ್ಬರು ಗುದ್ದಲಿ ಹಿಡಿಯಬೇಕು. ಹಿಡಿಯುವುದಷ್ಟೇ ಅಲ್ಲ, ಸತ್ತವರ ಅಂಗಿ ತೊಟ್ಟು, ಅವರಂತೆ ನಡೆದು, ಅವರಂತೆ ಕೆಮ್ಮಿ, ಅಳುತ್ತಿರುವವರನ್ನು ನಗಿಸಬೇಕು. ಬದುಕಿರುವಾಗ ಬೈದಾಡಬೇಕು. ಸಹ್ವೀರ ನಿನ್ನ ಮನೆಯ ಕೋಳಿ ಹಿಡಿದುಕೊಂಡು ಹೋದರೆ ಅದು ಕಳವಲ್ಲ. ನಿನ್ನ ಮೂತಿಗೆ ಹೆಸರಿಟ್ಟರೆ ಅದು ಅವಮಾನವಲ್ಲ. ನಮ್ಮ ಗುಟು ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು.

ಜೈರೋಸಿಗೆ ಇಂಥವನೊಬ್ಬ ಬೇಕೇಬೇಕಿತ್ತು. ಮೂಗಿನ ತುದಿಯಲ್ಲೇ ಸಿಟ್ಟು ಅವನಿಗೆ. ನಾಲ್ಕನೆಯ ತರಗತಿಯಲ್ಲಿ ಮಾಸ್ತರು ಕಿವಿ ಹಿಂಡಿದರೆಂದು ಸ್ಲೇಟು ಎಸೆದು ಬಂದವನು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ಅವನ ಮದುವೆಯ ತೆರದ ಮಾತುಕತೆಯಲ್ಲಿ, ವರ ಬಾಯಿ ಬಿಡಬಾರದ ಜಾಗದಲ್ಲಿ, ಹುಡುಗಿಯ ಚಿಕ್ಕಪ್ಪ ಇನ್ನೊಂದು ಆಡು ಕೇಳಿದ್ದಕ್ಕೆ ಎದ್ದು ನಿಂತು ಕೂಗಿದ್ದ. ಸಂಬಂಧ ಮುರಿಯುವುದರಲ್ಲಿತ್ತು. ಮಾತಾಡಲು ಹೋಗಿದ್ದ ತವೆಂಗ್ವಾ ತಟಕ್ಕನೆ ನಾಲ್ಕು ಕಾಲಾಗಿ ನಿಂತು, ಕೊರಳಿಗೆ ತನ್ನದೇ ಬೆಲ್ಟು ಬಿಗಿದು, 'ಮ್ಯಾ' ಎಂದ.

"ನನ್ನನ್ನೇ ಕಟ್ಕೊಳಿ ಮಾವ. ಹಾಲಂತೂ ಕೊಡಲ್ಲ, ಮೇವು ಮಾತ್ರ ಜಾಸ್ತಿ ತಿಂತೀನಿ. ಈ ಕೋಣನ ಮೂತಿಯೋನು ಕೂಗಿದ್ದು ನಿಮ್ಮ ಮೇಲಲ್ಲ, ಹಸಿವಿಗೆ."

ಚಿಕ್ಕಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಆಡನ್ನು ಬಿಟ್ಟುಕೊಟ್ಟ. ಜೈರೋಸಿಯ ಹೆಂಡತಿ ಸರುದ್ಜಾಯಿ ಹಾಗೆ ಆ ಮನೆಗೆ ಬಂದವಳು.

ಸಿಟ್ಟನ್ನು ಬಿಟ್ಟರೆ ಜೈರೋಸಿಯಲ್ಲಿ ಇದ್ದದ್ದು ಗೇಯ್ಮೆ. ಮನೆಯ ಕೆಳಗೆ ಹಳ್ಳದ ಬದಿಯ ಜೌಗಿನಲ್ಲಿ ಅವನ ತೋಟ. ನಮ್ಮಲ್ಲಿ ಅಕ್ಟೋಬರಿಗೆ ಬೇಸಿಗೆ ಕಾಲಿಡುತ್ತದೆ. ಮಳೆ ಇನ್ನೂ ದೂರ, ಹೊಲಗಳು ಬೋಳು, ದನಗಳು ನೆಲ ಮೂಸುತ್ತಾ ಅಲೆಯುತ್ತವೆ. ಆ ದಿನಗಳಲ್ಲಿ ಊರು ಉಣ್ಣುವುದು ಇಂಥ ತೋಟಗಳಿಂದ. ಜೈರೋಸಿ ಕೋಳಿ ಕೂಗುವ ಮುಂಚೆ ಎದ್ದು, ಎರಡು ಕೈಯಲ್ಲೂ ಇಪ್ಪತ್ತು ಲೀಟರಿನ ಡಬ್ಬಿ ಹಿಡಿದು ಬಾವಿಗೂ ಮಡಿಗೂ ಓಡಾಡುತ್ತಿದ್ದ. ಬಾವಿ ಎಂದರೆ ಎದೆಮಟ್ಟದ ಗುಂಡಿ. ಬೆಳಿಗ್ಗೆ ಮೊಗೆದರೆ ಸಂಜೆಗೆ ಮತ್ತೆ ಊರಬೇಕು. ಕೋವೊ ಸೊಪ್ಪಿನ ಗಿಡಗಳಿಗೆ ಬುಡಕ್ಕೆ ಮಾತ್ರ ನೀರು, ಟೊಮೆಟೊ ಸಸಿಗಳಿಗೆ ಹುಲ್ಲಿನ ಚಪ್ಪರ, ಹುಳ ಬಿದ್ದಲ್ಲಿ ಒಲೆಯ ಬೂದಿ, ಮಡಿಯ ಮೇಲೆಲ್ಲ ಒಣಹುಲ್ಲಿನ ಹೊದಿಕೆ. ಕೋವೊ ಎಲೆಯನ್ನು ಕೆಳಗಿನಿಂದ ಒಂದೊಂದಾಗಿ ಬಿಡಿಸಬೇಕು. ಹೆಂಡತಿ ಅವಸರಕ್ಕೆ ಒಂದು ಸಲ ಸುಳಿ ಚಿವುಟಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದ.

ಆ ವರ್ಷ ಅವನಿಗೆ ಒಂದು ಹಟ ಹತ್ತಿತು. ಊರೆಲ್ಲ ಕ್ರಿಸ್‌ಮಸ್ಸಿಗೆ ಹಸಿ ಮುಸುಕಿನ ಜೋಳ ತಿಂದರೆ ತಾನು ನವೆಂಬರಿನ ಮೊದಲ ವಾರದಲ್ಲೇ ತಿನ್ನಿಸಬೇಕು. ಆಗಸ್ಟಿನ ಚಳಿ ಇನ್ನೂ ಇರುವಾಗಲೇ ಬಿತ್ತಿದ. ಮೂರು ತಿಂಗಳು ಬುಡಬುಡಕ್ಕೂ ನೀರು ಹೊತ್ತ. ಗಿಡಗಳು ಆಳೆತ್ತರ ಬೆಳೆದವು. ಸುದ್ದಿ ಕೃಷಿ ಅಧಿಕಾರಿಯ ಕಿವಿಗೂ ಬಿತ್ತು. ಗುರುವಾರ ಅಕ್ಕಪಕ್ಕದ ಹಳ್ಳಿಗಳವರನ್ನು ಕರೆತಂದು ತೋಟ ತೋರಿಸುತ್ತೇನೆ, ಫೋಟೊ ತೆಗೆಯುತ್ತೇನೆ ಎಂದು ಆತ ಹೇಳಿಕಳಿಸಿದ. ಜೈರೋಸಿ ಗಿರಣಿಯಲ್ಲಿ ನಾಲ್ಕು ಜನ ಸಿಕ್ಕಿದರೆ ಸಾಕು, ಆ ಗುರುವಾರದ ಮಾತು ತೆಗೆಯುತ್ತಿದ್ದ.

ಬುಧವಾರ ಸಂಜೆ ತವೆಂಗ್ವಾ ತೋಟಕ್ಕೆ ನುಗ್ಗಿದ. ಮುಂದಿನ ಸಾಲಿನ ಎಂಟು ತೆನೆ ಮುರಿದ, ಬಾಗಿಲಿನ ಗೂಟ ಎರಡು ಕಿತ್ತ, ಅಲ್ಲೇ ಸುಟ್ಟು ತಿಂದ. ಸಿಪ್ಪೆಗಳನ್ನೆಲ್ಲ ಹೂವಿನ ಹಾಗೆ ಕಟ್ಟಿ ಬೇಲಿಗೆ ತೂಗುಹಾಕಿ ಹೋದ.

ಗುರುವಾರ ಬೆಳಿಗ್ಗೆ ಜೈರೋಸಿ ಬಂದಾಗ ಬಾಗಿಲಿಲ್ಲದ ಸಂದಿಯಿಂದ ಆಡುಗಳು ಒಳಹೊಕ್ಕಿದ್ದವು. ಅವನದೇ ಆಡುಗಳು. ಕೋವೊ ಗಿಡಗಳು ಬೋಳು ಕಡ್ಡಿಗಳಾಗಿ ನಿಂತಿದ್ದವು. ಟೊಮೆಟೊ ಚಪ್ಪರ ತುಳಿತಕ್ಕೆ ಸಿಕ್ಕಿತ್ತು. ಹತ್ತು ಗಂಟೆಗೆ ಜನ ಬಂದರು. ಅಧಿಕಾರಿ ಕ್ಯಾಮೆರಾ ತೆಗೆಯಲಿಲ್ಲ. ಯಾರೋ ಹಿಂದೆ ನಿಂತು, "ಆಡುಗಳು ಮಾತ್ರ ಚೆನ್ನಾಗಿ ಬಂದಿವೆ ಕಣ್ರೀ, ಎಷ್ಟು ಗೊಬ್ಬರ ಹಾಕ್ತಾನೋ" ಎಂದರು. ಆ ನಗು ಅವನ ಕಿವಿಯಲ್ಲಿ ಕುದಿಯುತ್ತಲೇ ಇತ್ತು.

ಬೇರೆ ದಿನವಾಗಿದ್ದರೆ ಹಳ್ಳ ದಾಟಿ ಹೋಗಿ ತವೆಂಗ್ವಾನ ಅಂಗಳದಲ್ಲಿ ನಿಂತು ಹುಟ್ಟಡಗುವಂತೆ ಬೈಯುತ್ತಿದ್ದ. ಅವನೂ ಬೈಯುತ್ತಿದ್ದ. ಸರುದ್ಜಾಯಿ, "ಹೋಗಿ ಅವನ ಕೋಳೀನೇ ಹಿಡ್ಕೊಂಡು ಬಾ, ಇವತ್ತು ಸಾರು ಮಾಡ್ತೀನಿ. ಅಲ್ಲಿಗೆ ಸರಿಹೋಗುತ್ತೆ" ಎಂದಳು. ಆದರೆ ಜೈರೋಸಿ ಮೇಲಿನ ದಾರಿ ಹಿಡಿದು ಸಭುಕುವಿನ ಮನೆಗೆ ಹೋದ. ಸಭುಕು ನಮ್ಮ ಊರಿನ ಯಜಮಾನ, ಜಗಳ ತೀರಿಸುವವನು. ಅವನ ಮುಂದೆ ಕಳ್ಳತನದ ದೂರು ಕೊಟ್ಟ.

ಶನಿವಾರ ಮುಹಾಚಾ ಮರದಡಿ ಜನ ಸೇರಿದರು. ಸಹ್ವೀರನ ಮೇಲೆ ಸಹ್ವೀರ ದೂರು ಕೊಟ್ಟದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಇದೂ ಅವರಿಬ್ಬರ ಹೊಸ ಆಟ ಎಂದುಕೊಂಡೇ ಎಲ್ಲರೂ ಬಂದಿದ್ದರು. ಸಭುಕುವಿಗೂ ಹೇಗಾದರೂ ನಗಿಸಿ ಕಳಿಸಿಬಿಡುವ ಆಸೆ.

"ಅಲ್ಲಪ್ಪ ಜೈರೋಸಿ, ತವೆಂಗ್ವಾ ಸೋಕೊ ಕುಲದೋನು. ಸೋಕೊ ಅಂದ್ರೆ ಮಂಗ. ಮಂಗ ಇರೋ ಊರಲ್ಲಿ ಎಲ್ರಿಗಿಂತ ಮೊದಲು ಜೋಳ ಹಾಕಿದ್ದು ಯಾರ ತಪ್ಪು?"

ಜನ ಗೊಳ್ಳೆಂದರು. ತವೆಂಗ್ವಾ ಎದ್ದು ಬೆನ್ನು ಕೆರೆದುಕೊಂಡು ಮಂಗನ ಹಾಗೆ ಎರಡು ಹೆಜ್ಜೆ ಹಾಕಿದ. "ಎರಡು ತೆನೆ ಈ ಕೋಣನಿಗೂ ಸುಟ್ಟು ಎಲೆ ಸುತ್ತಿ ಗಿಡದ ಬುಡದಲ್ಲಿ ಇಟ್ಟು ಬಂದಿದ್ದೆ ಯಜಮಾನ್ರೇ. ಅದನ್ನ ಹೇಳಲೇ ಇಲ್ವಲ್ಲ ಇವ್ನು. ಬೆಳಿಗ್ಗೆ ಹೊಸ ಗೂಟ ಕಡಿದು ತರ್ತಿದ್ದೆ. ಇವ್ನು ಬೈಯೋಕೆ ಬರ್ತಾನೆ ಅಂತ ಗುರುವಾರ ರಾತ್ರಿಯೆಲ್ಲ ಕಾದೆ, ಬೈಗುಳವೂ ಇಲ್ಲ, ನಿದ್ದೆಯೂ ಇಲ್ಲ."

ಆ ಎರಡು ತೆನೆಯ ಮಾತು ಕೇಳಿ ಜೈರೋಸಿಯ ಸಿಟ್ಟು ಒಂದು ಕ್ಷಣ ಸಡಿಲವಾಯಿತು. ಎಲೆ ಸುತ್ತಿದ ತೆನೆಗಳನ್ನು ಆಡುಗಳು ತಿಂದಿರಬೇಕು. ಅಲ್ಲಿಗೆ ಬಿಡಬಹುದಿತ್ತು. ಬಿಡಬೇಕಿತ್ತು. ಆದರೆ ಸುತ್ತ ಜನ ನಗುತ್ತಿದ್ದರು, ಗುರುವಾರದ್ದೇ ನಗು ಇದೂ ಎಂದು ಅವನಿಗೆ ಕೇಳಿಸಿತು.

"ನಾನು ನಗೋಕೆ ಬಂದಿಲ್ಲ. ಅವನು ಕಳ್ಳ. ಕಳ್ಳ ಅಂತ ಬರ್ಕೊಳಿ. ದಂಡ ಹಾಕಿ."

ನಗು ನಿಂತಿತು. ತವೆಂಗ್ವಾ ನಿಂತಲ್ಲೇ ನೆಟ್ಟಗಾದ. ಟೋಪಿ ತೆಗೆದ. ಮಂಡಿಯೂರಿ ಕೂತು, ದೊಡ್ಡವರ ಮುಂದೆ ಮಾಡುವಂತೆ ಎರಡು ಕೈ ಬೋಗುಣಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದ.

"ಮ್ಹೋಫು ಹೇಳಿದ್ದು ಸರಿ. ನಂದು ತಪ್ಪಾಯ್ತು. ದಂಡ ಕೊಡ್ತೀನಿ."

ಮ್ಹೋಫು ಎಂಬುದು ಜೈರೋಸಿಯ ಕುಲದ ಹೆಸರು. ಅಪರಿಚಿತರು, ಬೀಗರು, ಮರ್ಯಾದೆ ಕೊಡಬೇಕಾದವರು ಹಾಗೆ ಕರೆಯುತ್ತಾರೆ. ಐವತ್ತು ವರ್ಷದಲ್ಲಿ ತವೆಂಗ್ವಾನ ಬಾಯಿಂದ ಆ ಹೆಸರು ಅವನು ಕೇಳಿರಲಿಲ್ಲ. ಸಭುಕು ಒಂದು ಕೋಳಿ ದಂಡ ಹಾಕಿದ. ಅರ್ಧ ಗಂಟೆಯಲ್ಲಿ ತವೆಂಗ್ವಾನ ಹೆಂಡತಿ ಮನೆಗೆ ಹೋಗಿ ಒಂದು ಚುಕ್ಕೆ ಕೋಳಿ ತಂದಳು. ಜೈರೋಸಿ ಬೇಡ ಎನ್ನಲಿಲ್ಲ. ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದ. ಅದರ ಎದೆಬಡಿತ ಅವನ ಪಕ್ಕೆಗೆ ತಾಗುತ್ತಿತ್ತು.

ಅಂಗಳದಲ್ಲಿ ತಾಯಿ ಎಸ್ನಾತಿ ಚಾಪೆ ಹಾಕಿ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ನಶ್ಯದ ಡಬ್ಬಿ ಸದಾ ಮಡಿಲಲ್ಲಿ. ನಶ್ಯ ಏರಿಸಿದರೆ ಏಳು ಸಲ ಸೀನಬೇಕು, ಆರೂ ಅಲ್ಲ, ಎಂಟೂ ಅಲ್ಲ. ತವೆಂಗ್ವಾ ಅವಳೆದುರೇ ಅವಳ ಸೀನನ್ನು ಅಣಕಿಸುತ್ತಿದ್ದ. ಅವಳು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, "ನಾನು ಸತ್ತಾಗಲೂ ಇದನ್ನೇ ಮಾಡೋ ಮಂಗ. ಆದ್ರೆ ಏಳೇ ಇರ್ಲಿ. ಎಂಟು ಸೀನಿ ನನ್ನ ಹೆಸರು ಕೆಡಿಸಬೇಡ" ಎನ್ನುತ್ತಿದ್ದಳು.

ಅವಳು ಕೋಳಿಯನ್ನು ನೋಡಿದಳು. ಸುದ್ದಿ ಆಗಲೇ ಮುಟ್ಟಿತ್ತು.

"ಈಸ್ಕೊಂಡು ಬಂದ್ಯಾ?"

"ದಂಡ ಅಮ್ಮ. ಸಭುಕು ಹಾಕಿದ್ದು."

"ನನ್ನನ್ನ ಹೂಳೋನು ಯಾರು ಇನ್ನು?" ಎಂದು ಕೇಳಿದಳು. ಗದರಲಿಲ್ಲ. ನಿಜವಾಗಿಯೂ ತಿಳಿಯಬೇಕೆನ್ನುವಂತೆ ಕೇಳಿದಳು. "ಗುಂಡಿ ಯಾರಾದ್ರೂ ತೋಡ್ತಾರೆ ಬಿಡು. ನಗಿಸೋರು ಯಾರು?"

ಆ ಕೋಳಿಯ ಒಂದು ಮೊಟ್ಟೆಯನ್ನೂ ಅವಳು ಮುಟ್ಟಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಗೂಟಗಳ ಮಾತು ಬಿಟ್ಟರೆ ಜೈರೋಸಿಯ ಸಿಟ್ಟು ಒಂದು ವಾರಕ್ಕೇ ಇಳಿದಿತ್ತು. ಹಳ್ಳದ ದಾರಿಯಲ್ಲಿ ತವೆಂಗ್ವಾ ಎದುರಾದಾಗ, "ಏನೋ ಮಂಗ, ಬಾಲ ಎಲ್ಲಿ?" ಎಂದು ತಾನೇ ಮೊದಲು ಕೆಣಕಿದ. ತವೆಂಗ್ವಾ ದಾರಿ ಬಿಟ್ಟು ಪಕ್ಕಕ್ಕೆ ನಿಂತು, ಟೋಪಿ ತೆಗೆದು, "ಚೆನ್ನಾಗಿದೀರಾ ಮ್ಹೋಫು? ಮನೇಲಿ ಎಲ್ಲ ಕ್ಷೇಮವಾ?" ಎಂದ. ಮುಖದಲ್ಲಿ ಮುನಿಸಿಲ್ಲ. ಅದೇ ಕಷ್ಟ. ಮುನಿಸಿದ್ದರೆ ಹೊಡೆದಾಡಿ ತೀರಿಸಿಕೊಳ್ಳಬಹುದಿತ್ತು. ಇನ್ನೊಮ್ಮೆ ಜೈರೋಸಿ ಬೇಕೆಂದೇ ಅವನ ತೋಟಕ್ಕೆ ಹೋಗಿ, ಅವನು ನೋಡುತ್ತಿರುವಂತೆಯೇ ಎರಡು ಈರುಳ್ಳಿ ಕಿತ್ತ. ತವೆಂಗ್ವಾ ಒಳಗಿಂದ ಒಂದು ಚೀಲ ತಂದು, ಇನ್ನಷ್ಟು ಈರುಳ್ಳಿ ಕಿತ್ತು ತುಂಬಿ, ಎರಡು ಕೈಯಲ್ಲಿ ಹಿಡಿದು ಕೊಟ್ಟ. ಅತಿಥಿಗೆ ಕೊಡುವ ಹಾಗೆ. ಜೈರೋಸಿ ಆ ಚೀಲ ಹಿಡಿದು ಮನೆಯವರೆಗೆ ನಡೆದದ್ದು ಹೇಗೆಂದು ಅವನಿಗೇ ನೆನಪಿಲ್ಲ. ಈರುಳ್ಳಿಯನ್ನು ಹಂದಿಗೆ ಹಾಕಿದ.

ಮರುವರ್ಷದ ಅಕ್ಟೋಬರಿನಲ್ಲಿ, ಜೈರೋಸಿ ತೋಟದಲ್ಲಿ ನೀರು ಹಾಕುತ್ತಿದ್ದಾಗ, ಮೇಲಿನಿಂದ ಸರುದ್ಜಾಯಿಯ ಅಳುವಿನ ಕೂಗು ಕೇಳಿತು. ಎಸ್ನಾತಿ ಕೂತಲ್ಲೇ ಹೋಗಿದ್ದಳು.

ಸಹ್ವೀರನಿಗೆ ಸಾವಿನ ಸುದ್ದಿ ಬೇರೆಯವರ ಕೈಲಿ ಹೇಳಿಕಳಿಸುವುದು ರೂಢಿ. ಜೈರೋಸಿ ತಾನೇ ಹೋದ. ತವೆಂಗ್ವಾ ಸಸಿಮಡಿಗೆ ಬೂದಿ ಎರಚುತ್ತಿದ್ದ. ಜೈರೋಸಿ ಬೇಲಿಯ ಹತ್ತಿರ ನಿಂತ. "ಅಮ್ಮ" ಎಂದಷ್ಟೇ ಅಂದ. ತವೆಂಗ್ವಾ ಕೈಯ ಬೂದಿ ಒರೆಸಿಕೊಂಡ, ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡ, ಜೊತೆಗೆ ನಡೆದ. ಬಂದನಲ್ಲ ಎಂದು ಜೈರೋಸಿಯ ಎದೆ ಹಗುರಾಯಿತು. ದಾರಿಯುದ್ದಕ್ಕೂ ಒಂದು ಬೈಗುಳಕ್ಕಾಗಿ ಕಿವಿಗೊಟ್ಟು ನಡೆದ.

ತವೆಂಗ್ವಾ ಮಾಡಬೇಕಾದ ಕೆಲಸದಲ್ಲಿ ಒಂದನ್ನೂ ಬಿಡಲಿಲ್ಲ. ಗುಂಡಿಗೆ ಮೊದಲ ಏಟು ಅವನೇ ಹಾಕಿದ. ಕಲ್ಲು ಸಿಕ್ಕಿದಲ್ಲಿ ಹಾರೆ ಹಿಡಿದ. ಚಾಪೆ ಸುತ್ತಿದ ದೇಹವನ್ನು ಗುಂಡಿಗಿಳಿದು ತೋಳಲ್ಲಿ ಇಸಿದುಕೊಂಡ. ನಗಿಸಲಿಲ್ಲ, ಅಷ್ಟೆ. ಹೆಂಗಸರು ಮುದುಕಿಯ ಬಟ್ಟೆಗಳನ್ನು ಹರಡಿಟ್ಟು ಕಾದರು. ಸಹ್ವೀರ ಶುರುಮಾಡದೆ ಸೊಸೆಯಂದಿರು ಅಣಕಕ್ಕೆ ನಿಲ್ಲುವ ಹಾಗಿಲ್ಲ. ಒಬ್ಬ ಹಣ್ಣು ಮುದುಕಿ ಕಾದು ಕಾದು, ಎಸ್ನಾತಿಯ ನಶ್ಯದ ಡಬ್ಬಿಯನ್ನು ಕಾಲಿನಿಂದ ತವೆಂಗ್ವಾನ ಕಡೆ ನೂಕಿದಳು.

"ಏಳು ಸಲ ಕಣೋ," ಎಂದಳು. "ಕಾಯ್ತಾ ಇದಾಳೆ ಅವ್ಳು."

ತವೆಂಗ್ವಾ ಡಬ್ಬಿಯನ್ನು ಎತ್ತಿಕೊಂಡ. ಅಂಗಳದಲ್ಲಿದ್ದವರೆಲ್ಲ ಉಸಿರು ಹಿಡಿದರು. ಅವನು ಅದರ ಮಣ್ಣು ಒರೆಸಿ, ಎರಡು ಕೈಯಲ್ಲಿ ಹಿಡಿದು, ಜೈರೋಸಿಯ ಮುಂದೆ ಬಂದು ಮಂಡಿಯೂರಿದ.

"ಇದು ನಿಮ್ಮ ಮನೇದು, ಮ್ಹೋಫು."

ಎಸ್ನಾತಿಯನ್ನು ಒಂದು ನಗುವೂ ಇಲ್ಲದೆ ಮಣ್ಣು ಮಾಡಿದರು. ಹಾಗೆ ಮಣ್ಣಾಗುವವರು ಊರಿಲ್ಲದವರು, ದಾರಿಯಲ್ಲಿ ಬಿದ್ದು ಸತ್ತವರು. ವಾಪಸು ಬರುವಾಗ ಯಾರೂ ಜೈರೋಸಿಯ ಮುಖ ನೋಡಲಿಲ್ಲ. ಅವನೂ ಯಾರದನ್ನೂ ನೋಡಲಿಲ್ಲ. ನೆಲ ನೋಡಿಕೊಂಡು ನಡೆಯುವುದನ್ನು ಅವನು ಕಲಿತದ್ದು ಆ ದಿನ.

ಸೂತಕದ ವಾರ ಕಳೆಯಿತು. ಅಕ್ಟೋಬರಿನ ಬಿಸಿಲಲ್ಲಿ ಎರಡು ದಿನ ನೀರಿಲ್ಲದಿದ್ದರೆ ಕೋವೊ ಸೊಪ್ಪು ಬಟ್ಟೆಯಂತೆ ಜೋತುಬೀಳುತ್ತದೆ. ಇನ್ನು ಕಿತ್ತು ಹೊಸದಾಗಿ ಹಾಕುವುದೇ ಸೈ ಎಂದುಕೊಂಡು ಒಂಬತ್ತನೆಯ ದಿನ ಜೈರೋಸಿ ತೋಟಕ್ಕೆ ಇಳಿದ. ಮಡಿಗಳು ಒದ್ದೆಯಾಗಿದ್ದವು. ಮಾಗಿದ ಕೆಳಗಿನ ಎಲೆಗಳನ್ನು ಯಾರೋ ಒಂದೊಂದಾಗಿ, ಸುಳಿಗೆ ನೋವಾಗದಂತೆ ಬಿಡಿಸಿ, ಕಟ್ಟು ಕಟ್ಟಿ ನೆರಳಲ್ಲಿಟ್ಟಿದ್ದರು. ಬಾವಿಯ ದಂಡೆಯ ಕೆಸರಿನಲ್ಲಿ ಟೈರಿನ ಚಪ್ಪಲಿಯ ಗುರುತು, ಬಾವಿಯಿಂದ ಮಡಿಗೆ, ಮಡಿಯಿಂದ ಬಾವಿಗೆ, ಒಂದರ ಮೇಲೊಂದು. ಎಡಗಾಲಿನ ಹಿಮ್ಮಡಿ ಒಳಕ್ಕೆ ತಿರುಗಿದ ಗುರುತು. ಅಂಥ ಕಾಲು ಊರಲ್ಲಿ ಒಂದೇ, ತವೆಂಗ್ವಾನದು.

ಎಂಟು ದಿನ, ದಿನಕ್ಕೆ ಎರಡು ಹೊತ್ತು. ತನ್ನ ತೋಟಕ್ಕೂ ಹಾಕಿ, ಹಳ್ಳ ದಾಟಿ ಬಂದು ಇಲ್ಲಿಗೂ ಹಾಕಿದ್ದ. ಜೈರೋಸಿ ಬಾವಿಯ ದಂಡೆಯಲ್ಲಿ ಕೂತುಬಿಟ್ಟ. ಗುಂಡಿ ತೋಡಿದ್ದನ್ನು ಹೇಗೋ ಸಹಿಸಿದ್ದ, ಈ ನೀರನ್ನು ಸಹಿಸುವುದು ಅವನಿಂದಾಗಲಿಲ್ಲ.

ಮರುದಿನ ಒಂದು ಹೆಣ್ಣು ಆಡನ್ನು ಹಗ್ಗ ಹಿಡಿದು ಎಳೆದುಕೊಂಡು ಹೋದ. ತವೆಂಗ್ವಾನ ಅಂಗಳದಲ್ಲಿ ಮಂಡಿಯೂರಿ ಕೂತ. ಹಾಗೆ ಕೂತದ್ದು ಅವನ ಜನ್ಮದಲ್ಲೇ ಮೊದಲು.

"ನಾನು ತಪ್ಪು ಮಾಡಿದೆ. ಸಭುಕು ಮುಂದೆ ಬೇಕಾದ್ರೂ ಹೇಳ್ತೀನಿ. ಇದನ್ನ ಇಟ್ಕೊ. ಆ ಕೋಳಿಗೂ, ನೀರಿಗೂ."

ತವೆಂಗ್ವಾ ಆಡನ್ನು ನೋಡಲಿಲ್ಲ. ಜೈರೋಸಿಯ ತೋಳು ಹಿಡಿದು ಎಬ್ಬಿಸಿದ.

"ಎದ್ದೇಳಿ ಮ್ಹೋಫು. ಎಂಥ ನೀರು? ಅಕ್ಕಪಕ್ಕದ ಮನೆಯೋರು ಅಂದಮೇಲೆ ಅಷ್ಟೂ ಮಾಡಲ್ವಾ?"

"ಅಕ್ಕಪಕ್ಕದ ಮನೆಯೋರಾ ನಾವು?"

ತವೆಂಗ್ವಾ ಆಡಿನ ಹಗ್ಗವನ್ನು ಎತ್ತಿ ಜೈರೋಸಿಯ ಕೈಗಿಟ್ಟ. "ಬೈಯೋಣ ಅಂತ ನಾನೂ ನೋಡಿದೆ," ಎಂದ. "ಅಮ್ಮನ ಮುಂದೆ ಎಷ್ಟೋ ಹೊತ್ತು ನಿಂತೆ. ಬಾಯಿಗೆ ಬರ್ಲಿಲ್ಲ. ಬೈದ್ರೆ ಇವ್ರು ಎಲ್ಲಿ ದೂರು ಕೊಡ್ತಾರೋ ಅಂತ ಒಳಗೆ ಒಂದು ಹೆದರಿಕೆ. ಹೆದ್ರಿಕೊಂಡು ನಗಿಸೋಕಾಗಲ್ಲ ಮ್ಹೋಫು. ಆಡು ಹೊಡ್ಕೊಂಡು ಹೋಗಿ, ಮರಿ ಹಾಕೋ ಹಾಗಿದೆ."

ಜೈರೋಸಿ ಆಡನ್ನು ವಾಪಸು ಎಳೆದುಕೊಂಡು ಬಂದ.

ಅದಾದ ಎರಡನೆಯ ವರ್ಷ, ಬೇಸಿಗೆ ಕಾಲಿಡುವ ಹೊತ್ತಿಗೇ, ತವೆಂಗ್ವಾನ ಅಣ್ಣ ತೀರಿಕೊಂಡ. ಹಳ್ಳದಾಚೆ ಡೋಲು ಬಡಿಯುವುದು ಕೇಳಿ ಜೈರೋಸಿಗೆ ಗೊತ್ತಾಯಿತು. ಅವನಿಗೆ ಯಾರೂ ಹೇಳಿಕಳಿಸಿರಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು ಎಂದು ಹೆಂಡತಿಗೆ ಹೇಳಿದ. ಸರುದ್ಜಾಯಿ, "ಹೌದು, ಮರೆತಿರ್ತಾರೆ" ಎಂದಳು, ಅವನ ಕಡೆ ತಿರುಗದೆ.

ಅವನು ಹಳೆಯ ಅಂಗಿ ತೊಟ್ಟ. ಗುದ್ದಲಿಯನ್ನು ಹೆಗಲ ಮೇಲಿಟ್ಟು, ನೀರಿನ ಡಬ್ಬಿ ಎರಡನ್ನೂ ಕೈಯಲ್ಲಿ ಹಿಡಿದ. ತವೆಂಗ್ವಾನ ಅಣ್ಣ ಕುಡಿದಾಗ ಗೋಡೆಯ ಜೊತೆ ಜಗಳವಾಡುತ್ತಿದ್ದ. ಅದನ್ನು ಅಣಕಿಸಿ ತೋರಿಸಬೇಕು ಎಂದುಕೊಂಡ. ದಾರಿಯಲ್ಲಿ ಯಾರೂ ಇಲ್ಲದ ಕಡೆ ಒಂದು ಹುತ್ತದ ಮುಂದೆ ನಿಂತು ಎರಡು ಸಲ ಮಾಡಿಯೂ ನೋಡಿದ. ತನಗೆ ನಗಿಸಲು ಬರುವುದಿಲ್ಲ ಎಂದು ಅವನಿಗೆ ಗೊತ್ತು. ಆದರೂ ಮಾಡುತ್ತಾನೆ. ಜನ ತನ್ನನ್ನೇ ನೋಡಿ ನಕ್ಕರೂ ಸರಿ, ಅಂಗಳದಲ್ಲಿ ನಗು ಆದರೆ ಸಾಕು.

ಅಂಗಳ ತಲುಪುವ ಮೊದಲೇ ನಗು ಕೇಳಿಸಿತು. ಯಾರೋ ಹೊಳೆಯಾಚೆಯ ಊರಿನವನು, ಜೈರೋಸಿ ಕಂಡರಿಯದವನು, ಸತ್ತವನ ಕೋಟು ತೊಟ್ಟು ಗೋಡೆಗೆ ಬೈಯುತ್ತಿದ್ದ. ಹೆಂಗಸರು ಅಳುವನ್ನೂ ನಗುವನ್ನೂ ಒಟ್ಟಿಗೆ ಒರೆಸಿಕೊಳ್ಳುತ್ತಿದ್ದರು. ಗುಂಡಿ ಆಗಲೇ ಸೊಂಟದ ಆಳ ಇಳಿದಿತ್ತು.

ಜೈರೋಸಿ ಗುದ್ದಲಿ ಹಿಡಿದು ಗುಂಡಿಯ ಕಡೆ ಹೋದ. ತೋಡುತ್ತಿದ್ದವರು ಮರ್ಯಾದೆಯಿಂದ ನಿಂತು, "ಬೇಡಿ ಮ್ಹೋಫು, ಆಯ್ತು, ನಾವಿದೀವಿ" ಎಂದರು. ಅವನು ಡಬ್ಬಿಗಳನ್ನು ಹಿಡಿದು ತೋಟಕ್ಕೆ ಇಳಿಯಲು ಹೊರಟ. ತವೆಂಗ್ವಾನ ಹೆಂಡತಿ ದಾರಿಗೆ ಬಂದು ಮಂಡಿಯೂರಿ ಚಪ್ಪಾಳೆ ತಟ್ಟಿದಳು.

"ತೋಟಕ್ಕೆ ಬೆಳಿಗ್ಗೇನೇ ನೀರಾಯ್ತು ಮ್ಹೋಫು. ಹೊಸ ಸಹ್ವೀರನ ಮನೆಯೋರು ಹಾಕಿದ್ರು. ನೀವು ಯಾಕೆ ಕೈ ಕೆಸರು ಮಾಡ್ಕೋತೀರಾ. ಬನ್ನಿ, ಕೂತ್ಕೊಳ್ಳಿ."

ಅವಳು ಡಬ್ಬಿಗಳನ್ನು ಅವನ ಕೈಯಿಂದ ಮೆಲ್ಲಗೆ ಇಸಿದುಕೊಂಡಳು. ಮನೆಯೊಳಗಿಂದ ಒಂದು ಕುರ್ಚಿ ತಂದು ನೆರಳಲ್ಲಿ ಹಾಕಿದರು. ಊರ ಗಂಡಸರೆಲ್ಲ ನೆಲದ ಮೇಲೆ, ಕಲ್ಲಿನ ಮೇಲೆ ಕೂತಿದ್ದರು. ಕುರ್ಚಿ ಮೇಲೆ ಕೂತಿದ್ದವರು ಪಾದ್ರಿ, ಪಟ್ಟಣದಿಂದ ಬಂದಿದ್ದ ಸತ್ತವನ ಬೀಗ, ಮತ್ತು ಜೈರೋಸಿ. ಮೊದಲ ಚಹಾ ಅವರಿಗೇ ಬಂತು. ಮುದ್ದೆ, ಮಾಂಸ ಕೂಡ ಮೊದಲು ಅವರಿಗೇ ಬಂತು, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ.

ಒಮ್ಮೆ ತವೆಂಗ್ವಾ ಅತ್ತ ಹಾದುಹೋದ. ನಿಂತು, ಟೋಪಿ ತೆಗೆದು, "ಇಷ್ಟು ದೂರ ಬಂದದ್ದು ದೊಡ್ಡ ಉಪಕಾರ ಆಯ್ತು ಮ್ಹೋಫು," ಎಂದ. ಎರಡು ಮನೆಗಳ ನಡುವೆ ಇರುವುದು ಒಂದು ಹಳ್ಳ.

ಜೈರೋಸಿ ಕೊಟ್ಟದ್ದನ್ನೆಲ್ಲ ಉಂಡ. ಎಂಟು ದಿನದ ಎರಡೆರಡು ಹೊತ್ತಿನ ನೀರಿನ ಋಣ ಅವನ ಮೇಲೆಯೇ ಉಳಿಯಿತು.